ಅಟ್ಟದ ಮೇಲಿನ ಗಾಳದ ಕೋಲು

ಹಳೇ ಮನೆ ಕೆಡಗೂವಾಗ ಅಟ್ಟದಿಂದ ತಾಮ್ರದ ಹಂಡೆ, ಮರದ ಮರಿಗೆ ಕೆಳಗೆ ಬಂದ್ರೆ ನಾವೆಲ್ಲ ಕೈ ಚಾಚ್ತೇವೆ. ಬಿದಿರಿನ ಕೋಲು ಬಂದ್ರೆ ಮಾತ್ರ ಯಾರಿಗೂ ಬ್ಯಾಡ. ಬಚ್ಚಲ ಒಲೆಗೆ ಹೋಗ್ತದೆ, ಇಲ್ಲಾ ಜೇಡರ ಬಲೆ ತೆಗೆಯೂಕೆ ತುದಿಗೆ ಒಂದು ಹಿಡಿ ಕಟ್ತೇವೆ. ಭಟ್ಕಳದಿಂದ ಕುಮಟೆ ತನಕ ಹೆದ್ದಾರಿ ಅಗಲ ಮಾಡೂಕೆ ಸುರು ಮಾಡಿದ ಮೇಲೆ ರಸ್ತೆ ಬದಿಯ ಎಷ್ಟೋ ಅಟ್ಟಗಳು ಖಾಲಿ ಆದವು. ಅದರಲ್ಲಿ ಗಾಳದ ಕೋಲು ಎಷ್ಟು ಹೋದವೋ, ಲೆಕ್ಕ ಇಟ್ಟವರಿಲ್ಲ. ವಿಲಾಯತಿಯಲ್ಲಿ ಹಳೇ ಗಾಳದ ಕೋಲನ್ನ ಲಿಲಾವಿನಲ್ಲಿ ಕೊಂಡು, ಬಟ್ಟೆ ಚೀಲದಲ್ಲಿ ಹಾಕಿ ಇಡೂವವರು ಇದ್ದಾರೆ. ಹಾಗಾಗಿ ನಿಮ್ಮ ಅಟ್ಟದಲ್ಲಿ ಇರೂದು ಯಾವ ಕೋಲು ಅಂತ ಒಲೆಗೆ ಹಾಕೂ ಮೊದಲು ಒಂದು ಸಲ ನೋಡಿ.

ಮೊದಲು ಹೆಸರಿನ ಗೋಜಲು ಬಿಡಿಸ್ಕೊಳ್ವ. ಇಂಗ್ಲಿಷಿನವರು ಇದಕ್ಕೆ ಕೇನ್ ರಾಡ್ ಅಂತಾರೆ. ಕೇನ್ ಅಂದ್ರೆ ನಮಗೆ ಬೆತ್ತ, ಮಾಸ್ತರ ಕೈಯಲ್ಲಿ ಇರ್ತಿತ್ತಲ್ಲ, ಅದು. ಗಾಳದ ಕೇನ್ ಬೆತ್ತ ಅಲ್ಲವೇ ಅಲ್ಲ. ಅದು ಬಿದಿರು. ಅದರಲ್ಲೂ ಸ್ಪ್ಲಿಟ್ ಕೇನ್ ಅಂದ್ರೆ ಸೀಳಿದ ಬಿದಿರು. ಬಿದಿರನ್ನ ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ ಮೂರು ಮೂಲೆ ಬರೂ ಹಾಗೆ ಕೆತ್ತಿ, ಅಂಥ ಆರನ್ನ ಒಂದಕ್ಕೊಂದು ಅಂಟಿಸ್ತಾರೆ. ಗಟ್ಟಿ ಸಿಪ್ಪೆ ಹೊರಗೆ, ಮೆತ್ತಗಿನದು ಒಳಗೆ. ಹೀಂಗೆ ಮಾಡಿದ ಕೋಲು ಎಷ್ಟು ಬಗ್ಗಿದ್ರೂ ಮತ್ತೆ ನೆಟ್ಟಗೆ ಆಗ್ತದೆ.

ಗುರುತು ಹಿಡಿಯೂದು ಕಷ್ಟ ಇಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ. ಉರುಟಾಗಿದ್ರೆ ಇಡೀ ಬಿದಿರು. ಪೆನ್ಸಿಲ್ಲಿನ ಹಾಗೆ ಆರು ಮುಖ ಸಿಕ್ಕಿದ್ರೆ ಸೀಳಿದ್ದು. ಗಂಟು ನೋಡಿದ್ರೂ ಗೊತ್ತಾಗ್ತದೆ. ಇಡೀ ಬಿದಿರಿನಲ್ಲಿ ಗಂಟು ಬಳೆಯ ಹಾಗೆ ಸುತ್ತ ಬರ್ತದೆ. ಸೀಳಿದ್ದರಲ್ಲಿ ಒಂದು ಮುಖದ ಗಂಟು ಇನ್ನೊಂದು ಮುಖದ ಗಂಟಿನ ಪಕ್ಕಕ್ಕೆ ಬಾರದ ಹಾಗೆ ಹಿಂದೆ ಮುಂದೆ ಇಟ್ಟಿರ್ತಾರೆ. ಗಂಟೇ ಇಲ್ಲದೆ ಕಪ್ಪಗೆ, ಭಾರವಾಗಿ ಇದ್ರೆ ಅದು ಬಿದಿರೇ ಅಲ್ಲ, ದಕ್ಷಿಣ ಅಮೆರಿಕದ ಗಯಾನಾ ಕಡೆಯಿಂದ ಬರ್ತಿದ್ದ ಗ್ರೀನ್‌ಹಾರ್ಟ್ ಅನ್ನೂ ಮರ. ತುಂಡು ತುಂಡು ಜೋಡಿಸೂ ಕೋಲಾದ್ರೆ ಕೂಡೂ ಜಾಗದಲ್ಲಿ ಹಿತ್ತಾಳೆ ಇಲ್ಲಾ ಬಿಳಿ ಲೋಹದ ಕೊಳವೆ ಇರ್ತದೆ. ರೇಷ್ಮೆ ದಾರ ಸುತ್ತಿರ್ತಾರೆ. ದಾರದ ಸುತ್ತು ಉದ್ದಕ್ಕೂ ಒತ್ತೊತ್ತಾಗಿ ಇದ್ರೆ ಕೋಲು ಬಾಳ ಹಳೇದು ಅಂತ ಅಂದಾಜು ಮಾಡ್ಬಹುದು. ಆಗ ಇದ್ದದ್ದು ಪ್ರಾಣಿಗಳ ಚರ್ಮ ಎಲುಬು ಕುದಿಸಿ ಮಾಡಿದ ಅಂಟು, ಅದನ್ನ ನಂಬೂ ಹಾಗಿರಲಿಲ್ಲ. ನಮ್ಮ ಆಷಾಢದ ಥಂಡಿಗೆ ಅದು ಬಿಟ್ಟುಕೊಳ್ಳದೆ ಇರ್ತದಾ? ಎರಡನೇ ಮಹಾಯುದ್ಧದ ಹೊತ್ತಿಗೆ ರಾಸಾಯನಿಕ ಅಂಟು ಬಂದ ಮೇಲೆ ಸುತ್ತು ಕಮ್ಮಿ ಆಯ್ತು.

ಕೈ ಹಿಡಿಯೂ ಜಾಗದಲ್ಲಿ ಬಿರಡೆಯ ಬೂಚು, ಅದರ ಮೇಲೆ ಶಾಯಿಯಲ್ಲಿ ಬರೆದ ಹೆಸರು ಮತ್ತು ನಂಬರು ಇದ್ರೆ ಒರೆಸಬೇಡಿ. ಇಂಗ್ಲೆಂಡಿನ ಆನಿಕ್ ಊರಲ್ಲಿ 1872ರಲ್ಲಿ ಸುರುವಾದ ಹಾರ್ಡಿ ಬ್ರದರ್ಸ್‌ನವರು ತಮ್ಮ ಸೀಳು ಬಿದಿರಿನ ಕೋಲಿಗೆ ಪಾಲಾಕೋನಾ ಅಂತ ಹೆಸರಿಟ್ಟಿದ್ರು. ಆ ನಂಬರಿಂದ ಯಾವ ಕಾಲದ್ದು ಅಂತ ಹೇಳೂಕೆ ಬರ್ತದೆ. ನಮ್ಮ ಕೇರಿಯ ಒಂದು ಮನೆಯಲ್ಲಿ ಆರು ಮುಖದ ಇಂಥದ್ದೇ ತುಂಡು ಮಾವಿನಮಿಡಿ ಕೊಯ್ಯೂ ದೋಟಿಯಾಗಿ ನಲವತ್ತು ವರ್ಷ ದುಡಿದಿದೆ. ಕೊಳವೆ ಚಿನ್ನದ ಹಾಗೆ ಹೊಳೀತದೆ, ದೀಪಾವಳಿಗೆ ದೀಪದ ಕಂಬದ ಸಂಗಡ ಅದಕ್ಕೂ ಹುಣಸೆಹುಳಿ ಹಾಕಿ ತಿಕ್ತಾರೆ! ಹೆಸರು ಯಾವಾಗಲೋ ಅಳಿಸಿ ಹೋಗಿದೆ. ದೋಟಿ ಮಾತ್ರ ಗಟ್ಟಿ. ಸಂಗ್ರಹ ಮಾಡೂವವರು ಕೇಳಿದ್ರೆ ಎದೆ ಒಡ್ಕೊಳ್ತಾರೆ, ಆದ್ರೆ ಉಪ್ಪಿನಕಾಯಿಯಂತೂ ನಲವತ್ತು ಸಲ ಆಗಿದೆಯಲ್ಲ.

ಇಂಥ ಕೋಲು ನಮ್ಮ ಬದಿಗೆ ಬಂದದ್ದು ಅಧಿಕಾರಿಗಳ ಸಾಮಾನಿನ ಸಂಗಡ, ಅವರು ವರ್ಗ ಆಗಿ ಹೋಗೂವಾಗ ಲಿಲಾವಿನಲ್ಲಿ ಉಳಿದಿರಬೇಕು ಅಂತ ನನ್ನ ಲೆಕ್ಕ. ಕೆನರಾ ಮೊದಲು ಒಂದೇ ಜಿಲ್ಲೆಯಾಗಿತ್ತು. 1862ರಲ್ಲಿ ನಮ್ಮ ಭಟ್ಕಳ, ಹೊನ್ನಾವರ, ಕುಮಟೆ ಎಲ್ಲ ಮುಂಬೈ ಇಲಾಖೆಗೆ ಹೋದವು, ದಕ್ಷಿಣ ಮದ್ರಾಸಿಗೇ ಉಳೀತು. ಆ ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವಾನ್ ಥಾಮಸನಿಗೆ ಗಾಳದ ಹುಚ್ಚು. ಹಿಂದುಸ್ಥಾನದಲ್ಲಿ ಗಾಳ ಹಾಕೂದು ಹ್ಯಾಂಗೆ ಅಂತ ಅವ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಲ್ಲೇ ಅಚ್ಚಾಯ್ತು. ಸಣ್ಣ ಕಣ್ಣಿನ ಬಲೆ, ಕೂಳಿಗಳಲ್ಲಿ ಮರಿ ಮೀನು ಹೋಗ್ತದೆ ಅನ್ನೂದು ಅವನ ಚಿಂತೆ. ಚಿಂತೆ ಸುಳ್ಳಲ್ಲ. ಆದ್ರೆ ಅವನಿಗೆ ಮೀನು ಮೋಜು. ಗದ್ದೆಯ ಕೂಳಿಯಲ್ಲಿ ಬಿದ್ದ ನಾಕು ಮೀನಲ್ಲಿ ಮಳೆಗಾಲದ ಒಂದು ಹೊತ್ತಿನ ಸಾರು ಆಗೂ ಮನೆಗಳೂ ಅದೇ ಹೊಳೆ ಬದಿಗೆ ಇದ್ದವು. ಅಂಥವರ ಮೋಜಿನ ದೊಡ್ಡ ಬೇಟೆ ಅಂದ್ರೆ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದದ್ದು 120 ಪೌಂಡು, ನಮ್ಮ ಲೆಕ್ಕದಲ್ಲಿ 54 ಕಿಲೋ ದಾಟ್ತದೆ.

ನನಗೆ ಖುಷಿ ಕೊಟ್ಟ ಸಂಗತಿ ಬೇರೆ. ಸೀಳಿ ಅಂಟಿಸೂ ಕೋಲಿಗೆ ಸುರುವಿನಲ್ಲಿ ವಿಲಾಯತಿ, ಅಮೆರಿಕದವರು ಬಳಸಿದ್ದು ಕಲ್ಕತ್ತಾ ಬಂದರಿನಿಂದ ಹೋದ ಬಿದಿರು. ಅಲ್ಲಿ ಅದರ ಹೆಸರೇ ಕಲ್ಕತ್ತಾ ಕೇನ್. ಮೈ ಮೇಲೆ ಅಲ್ಲಲ್ಲಿ ಸುಟ್ಟ ಕಲೆ ಇರೂದೇ ಅದರ ಗುರುತು. ಅದು ಯಾವ ಬಿದಿರು ಅಂದ್ರಿ? ನಮ್ಮ ಕಾಡಿನಲ್ಲೂ ಇರೂ ಗಂಡು ಬಿದಿರು, ದೊಣ್ಣೆಗೆ ಕಡೀತಾರಲ್ಲ, ಅದರದ್ದೇ ಜಾತಿ. ಆಮೇಲೆ ಚೀನಾದ ಬಿದಿರು ಬಂತು, ಟೊಂಕಿನ್ ಅಂತ ಹೆಸರು. 1950ರಲ್ಲಿ ಅಮೆರಿಕ ಚೀನಾದ ವ್ಯಾಪಾರ ನಿಲ್ಲಿಸಿದಾಗ ಅಲ್ಲಿಯವರಿಗೆ ಅದೂ ಸಿಗದ ಹಾಗಾಯ್ತು, ಅಷ್ಟರಲ್ಲಿ ಫೈಬರ್ ಗ್ಲಾಸಿನ ಕೋಲು ಬಂದು ಬಿದಿರಿನ ಕಾಲವೇ ಮುಗೀತು. ನಮ್ಮಲ್ಲಿ ಬಿದಿರಿಗೆ ಬಂದ ಗತಿ ಇನ್ನೊಂದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಹೋಯ್ತು. ಬುಟ್ಟಿ ಹೆಣೆಯೂವವರಿಗೆ ಬಿದಿರೇ ಸಿಗೂದಿಲ್ಲ ಅಂತ ಗಲಾಟೆ ಆಗಿ, 1975ರ ಸುಮಾರಿಗೆ ಮಾಧವ ಗಾಡ್ಗೀಳರು ಜಿಲ್ಲೆಯ ಕಾಡು ತಿರುಗಿ ಅಭ್ಯಾಸ ಮಾಡಿದ್ರು.

ಇನ್ನು ನಮ್ಮದೇ ಕೋಲು. ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ರಾಟೆ ಇಲ್ಲ. ಶರಾವತಿ, ಅಘನಾಶಿನಿ ದಂಡೆಯಲ್ಲಿ, ಗಜನಿ ಬದುವಿನಲ್ಲಿ ಗಂಡು ಮಕ್ಕಳು ಹಿಡ್ಕೊಂಡು ಕೂರ್ತಿದ್ದ ಉದ್ದ ಕೋಲು, ತುದಿಗೇ ದಾರ, ಶೆಟ್ಲಿ ಇಲ್ಲಾ ಎರೆಹುಳ ಚುಚ್ಚಿದ ಗಾಳ. ಅದನ್ನೂ ಗುರುತು ಹಿಡಿಯೂಕೆ ಬರ್ತದೆ. ತುದಿಯಲ್ಲಿ ದಾರ ಜಾರದ ಹಾಗೆ ಕತ್ತಿಯಿಂದ ಮಾಡಿದ ಕಚ್ಚು ಇರ್ತದೆ. ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ್ರೆ ಗಂಟಿನ ಹತ್ತಿರ ಮಸಿ ಬಣ್ಣ. ಒಲೆ ಮೇಲಿನ ಅಟ್ಟದಲ್ಲಿ ಇದ್ದದ್ದಾದ್ರೆ ಮೈಯೆಲ್ಲ ಹೊಗೆ ಕುಡಿದು ಕಾಫಿ ಬಣ್ಣ, ಅದಕ್ಕೆ ಕುಟ್ಟೆ ಹಿಡಿಯೂದು ಕಮ್ಮಿ. ಕೃಷ್ಣಪಕ್ಷದಲ್ಲಿ ಕಡಿದು, ನೀರಲ್ಲಿ ಮುಳುಗಿಸಿ ಇಟ್ಟು ಒಣಗಿಸಬೇಕು ಅಂತ ದೊಡ್ಡಮ್ಮನವರು ಹೇಳ್ತಿದ್ದದ್ದೂ ಇದಕ್ಕೇ. ನೀರಲ್ಲಿ ಇಟ್ರೆ ಬಿದಿರಿನೊಳಗಿನ ಹಿಟ್ಟಿನಂಶ ಕರಗಿ ಹೋಗ್ತದೆ, ಹುಳಕ್ಕೆ ಬೇಕಾದದ್ದೇ ಅದು.

ಅಡ್ಡ ಕತ್ತರಿಸಿದ ಬುಡ ನೋಡಿ. ಒಳಗೆ ಟೊಳ್ಳು ಬಾಳ ಸಣ್ಣದಿದ್ದು, ಗೆಣ್ಣಿನಲ್ಲಿ ಮುಳ್ಳಿನ ಕುರುಹು ಇಲ್ಲದಿದ್ರೆ ಅದು ಹೆಚ್ಚಾಗಿ ಹಿತ್ಲಿನ ಶೀಮೆ ಬಿದಿರು, ಮಾರಿಹಾಳ ಬಿದಿರು ಅಂತಲೂ ಅಂತಾರೆ. ರತ್ನಾಗಿರಿಯಿಂದ ಕಾಸರಗೋಡಿನ ತನಕ ಕರಾವಳಿಯ ಹಿತ್ಲುಗಳಲ್ಲಿ ಬೆಳೆಸೂ ಜಾತಿ. 1868ರಲ್ಲಿ ಶಾಸ್ತ್ರದ ಪುಸ್ತಕಕ್ಕೆ ಸೇರಿಸೂವಾಗ ಇದಕ್ಕೆ ಸ್ಟಾಕ್ಸ್ ಅನ್ನೂ ಇಂಗ್ಲಿಷ್ ಡಾಕ್ಟರನ ಹೆಸರಿಟ್ರು. ಹೂ ಬಂದ್ರೂ ಬೀಜ ಕಟ್ಟೂದು ಬಾಳ ಅಪರೂಪ. ಹಾಗಾಗಿ ಗೆಣ್ಣು ಕಡಿದು ನೆಟ್ಟೇ ಬೆಳೆಸಬೇಕು, ಒಂದು ಹಿಂಡಿನ ತುಂಡಿಂದ ಇನ್ನೊಂದು ಹಿಂಡು. ನಿಮ್ಮ ಹಿತ್ಲಿನ ಹಿಂಡು ಯಾರ ಮನೆಯಿಂದ ಬಂದದ್ದು, ಅತ್ತೆಯ ತವರಿಂದಲೋ ಅಜ್ಜಿಯ ತವರಿಂದಲೋ, ಮನೆಯಲ್ಲಿ ಹಿರಿಯರು ಇರೂವಾಗಲೇ ಕೇಳಿಟ್ಕೊಳ್ಳಿ. ಗೊತ್ತಾದ್ರೆ ಒಂದು ಚೀಟಿಯಲ್ಲಿ ಬರೆದು, ದಾರ ಕಟ್ಟಿ, ಅಟ್ಟದ ಆ ಕೋಲಿಗೇ ತೂಗಿಬಿಡಿ.