ಹ್ಯಾರಿ ಹಾಪ್‌ಮನ್ ಮತ್ತು ಪೋರ್ಟ್ ವಾಷಿಂಗ್ಟನ್ ಅಕಾಡೆಮಿ

ಟೆನಿಸ್‌ನ ಡೇವಿಸ್ ಕಪ್‌ನಲ್ಲಿ ಆಸ್ಟ್ರೇಲಿಯಾ ತಂಡವನ್ನು 16 ಬಾರಿ ಗೆಲುವಿಗೆ ಮುನ್ನಡೆಸಿದ ಹ್ಯಾರಿ ಹಾಪ್‌ಮನ್, 1969ರಲ್ಲಿ ತಾಯ್ನಾಡು ಬಿಟ್ಟು ಅಮೆರಿಕದಲ್ಲಿ ತರಬೇತುದಾರರಾಗಿ ನೆಲೆಸಿದರು. ಹಿಂದಿನ ವರ್ಷವಷ್ಟೇ ಪತ್ನಿ ನೆಲ್ ತೀರಿಕೊಂಡಿದ್ದರು. ಅರವತ್ತು ದಾಟಿದ ಹಾಪ್‌ಮನ್‌ಗೆ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಪೋರ್ಟ್ ವಾಷಿಂಗ್ಟನ್ ಟೆನಿಸ್ ಅಕಾಡೆಮಿ ಹೊಸ ನೆಲೆಯಾಯಿತು.

ಆಸ್ಟ್ರೇಲಿಯಾದಲ್ಲಿ ರೂಢಿಸಿದ ಕಟ್ಟುನಿಟ್ಟನ್ನೇ ಅವರು ಅಲ್ಲಿಗೂ ತಂದರು. ಓಟ, ಅಂಗಸಾಧನೆಗಳ ಜೊತೆಗೆ ಒಬ್ಬನ ಎದುರು ಇಬ್ಬರನ್ನು ನಿಲ್ಲಿಸುವ ಅಭ್ಯಾಸವೂ ಇತ್ತು. ಬಲೆಯ ಆಚೆಯಿಂದ ಇಬ್ಬರೂ ಎಡಬಲಕ್ಕೆ ಚೆಂಡು ಅಟ್ಟುತ್ತಿದ್ದರೆ, ಈಚೆಯವನಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಮುಂದೆ ಟೆನಿಸ್ ತಾರೆಯರಾದ ವಿಟಾಸ್ ಗೆರುಲೈಟಿಸ್, ಜಾನ್ ಮೆಕೆನ್ರೊ ಈ ಅಕಾಡೆಮಿಯಲ್ಲೇ ಪಳಗಿದವರು.

ಅಲ್ಲಿ ಹಾಪ್‌ಮನ್ ಒಬ್ಬರೇ ವಿದೇಶಿಯಾಗಿರಲಿಲ್ಲ. ಮೆಕೆನ್ರೊಗೆ ಕಲಿಸಿದ ಆಂಟೋನಿಯೊ ಪಲಾಫಾಕ್ಸ್ ಮೆಕ್ಸಿಕೊದವರು. 1962ರ ಡೇವಿಸ್ ಕಪ್ ಫೈನಲ್‌ನಲ್ಲಿ ಹಾಪ್‌ಮನ್ ತಂಡದ ಎದುರು ಆಡಿ ಸೋತವರು. ಅಂದಿನ ಎದುರಾಳಿಗಳು ಇಲ್ಲಿ ಸಹೋದ್ಯೋಗಿಗಳಾದರು.

1971ರಲ್ಲಿ ಹಾಪ್‌ಮನ್ ಅಮೆರಿಕದ ಲೂಸಿ ಅವರನ್ನು ಮದುವೆಯಾದರು. ಮುಂದೆ ದಂಪತಿ ಫ್ಲಾರಿಡಾದ ಲಾರ್ಗೊದಲ್ಲಿ ಸ್ವಂತ ಅಕಾಡೆಮಿ ನಡೆಸಿದರು. 1985ರ ಡಿಸೆಂಬರ್‌ನಲ್ಲಿ ಹಾಪ್‌ಮನ್ ನಿಧನರಾದರು. 1989ರಲ್ಲಿ ಪರ್ತ್‌ನಲ್ಲಿ ಅವರ ಹೆಸರಿನ ಹಾಪ್‌ಮನ್ ಕಪ್ ಪಂದ್ಯಾವಳಿ ಆರಂಭವಾಯಿತು. ಲೂಸಿ ಅದಕ್ಕಾಗಿ ಅನೇಕ ವರ್ಷ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಬರುತ್ತಿದ್ದರು.