ದಾವಣಗೆರೆ-ಹರಿಹರ ಕೈಗಾರಿಕಾ ವಲಯದಲ್ಲಿ ಅಂಗವಿಕಲರಾದ ಕಾರ್ಮಿಕರ ಉದ್ಯೋಗರಕ್ಷಣೆ: ಒಂದು ಚಾರಿತ್ರಿಕ ಅವಲೋಕನ

ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾದ ನಗರ ದಾವಣಗೆರೆ. 1930ರ ದಶಕದಲ್ಲಿ ಸ್ಥಾಪನೆಗೊಂಡ ದಾವಣಗೆರೆ ಕಾಟನ್ ಮಿಲ್ಸ್‌ನಿಂದ ಮೊದಲ್ಗೊಂಡು ಹಲವು ಗಿರಣಿಗಳು ಇಲ್ಲಿ ತಲೆಯೆತ್ತಿದವು. ಸಮೀಪದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಖ್ಯಾತವಾಗಿ, ಯಂತ್ರಪುರವೆಂಬ ಕಾರ್ಮಿಕ ವಸಾಹತಿಗೆ ಕಾರಣವಾಯಿತು. ಈ ಉದ್ಯಮಗಳ ಬಂಡವಾಳ, ಉತ್ಪಾದನೆ ಹಾಗೂ ಮುಷ್ಕರಗಳ ಚರಿತ್ರೆಗೆ ದೊರೆತಿರುವ ಗಮನವು, ದುಡಿಯುತ್ತಲೇ ಕೈ, ಕಣ್ಣು ಅಥವಾ ಉಸಿರಿನ ಶಕ್ತಿಯನ್ನು ಕಳೆದುಕೊಂಡವರ ಚರಿತ್ರೆಗೆ ದೊರೆತಿಲ್ಲ. ಅಂಥವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವ ಹೊಣೆ ಯಾರದೆಂಬ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ನೀಡಿದ ಉತ್ತರಗಳನ್ನು ಈ ವಲಯದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗಿರಣಿ ಕೆಲಸದ ಅಪಾಯಗಳು ಎರಡು ಬಗೆಯವು. ತಿರುಗುವ ಯಂತ್ರಕ್ಕೆ ಬೆರಳು ಸಿಲುಕುವುದು ಕ್ಷಣಮಾತ್ರದ ಅವಘಡ. ಹತ್ತಿ ಬಿಡಿಸುವ ಮತ್ತು ಹಿಂಜುವ ವಿಭಾಗಗಳ ದೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಾದರೋ ವರ್ಷಗಟ್ಟಲೆ ಮೆಲ್ಲನೆ ಬಲಿಯುವಂಥದು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಆರಂಭದ ಲಕ್ಷಣ. ಕೈಬೆರಳು ಹೋದುದು ಎಲ್ಲರಿಗೂ ಕಾಣುತ್ತದೆ. ಉಸಿರು ಕುಗ್ಗಿದುದನ್ನು ವೈದ್ಯಕೀಯ ಪರೀಕ್ಷೆಯ ಮೂಲಕವೇ ಸಾಬೀತುಪಡಿಸಬೇಕಾಗುತ್ತದೆ. ಹೀಗಾಗಿ ಎರಡನೆಯ ಬಗೆಯ ಅಂಗವೈಕಲ್ಯವು ದಾಖಲೆಗೆ ಬಾರದೆ ಉಳಿಯುವ ಸಂಭವವೇ ಹೆಚ್ಚು.

ಮೊದಲ ಹಂತದ ಶಾಸನಗಳು ನಷ್ಟಕ್ಕೆ ಬೆಲೆ ಕಟ್ಟಿದವು. 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಅನುಸೂಚಿಯಂತೆ ಹೆಬ್ಬೆರಳಿನ ನಷ್ಟವು ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರಷ್ಟು ನಷ್ಟ, ಒಂದೇ ಕೈಯ ನಾಲ್ಕು ಬೆರಳುಗಳು ಹೋದರೆ ಶೇ. 50. ಒಮ್ಮೆ ಪರಿಹಾರದ ಮೊತ್ತ ಪಾವತಿಯಾದರೆ ಈ ಕಾಯ್ದೆಯ ಮಟ್ಟಿಗೆ ಮಾಲೀಕರ ಹೊಣೆ ತೀರಿದಂತೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯು ಒಂದು ಹೆಜ್ಜೆ ಮುಂದೆ ಹೋಯಿತು. ಶಾಶ್ವತ ಅಂಗವೈಕಲ್ಯಕ್ಕೆ ಜೀವಿತಾವಧಿಯವರೆಗೆ ನಿಯತಕಾಲಿಕ ಪಾವತಿಯನ್ನು ವಿಧಿಸಿದ್ದಲ್ಲದೆ, ಅನಾರೋಗ್ಯ ಅಥವಾ ತಾತ್ಕಾಲಿಕ ಅಂಗವೈಕಲ್ಯದ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ವಜಾಗೊಳಿಸಬಾರದೆಂದು 73ನೆಯ ಪ್ರಕರಣದಲ್ಲಿ ನಿರ್ಬಂಧಿಸಿತು. ಆದರೆ ಚಿಕಿತ್ಸೆ ಮುಗಿದ ಬಳಿಕ ಅವನಿಗೆ ಯಾವ ಕೆಲಸ ಕೊಡಬೇಕೆಂಬುದನ್ನು ಕಾಯ್ದೆ ಹೇಳಲಿಲ್ಲ. ಕೂಲಿಯ ಒಂದಂಶ ದೊರೆಯಿತೇ ಹೊರತು ಕೆಲಸ ಖಾತ್ರಿಯಾಗಲಿಲ್ಲ.

ಇದಕ್ಕೆ ಪ್ರತಿಯಾಗಿ, ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿಸಿದ ‘ರಿಟ್ರೆಂಚ್‌ಮೆಂಟ್’ನ ವ್ಯಾಖ್ಯೆಯು ನಿರಂತರ ಅನಾರೋಗ್ಯದ ಕಾರಣದ ಸೇವಾ ಸಮಾಪ್ತಿಯನ್ನು ಹೊರಗಿರಿಸಿತು. ಕೆಲಸ ಕಡಿಮೆಯಾಗಿ ಮನೆಗೆ ಕಳುಹಿಸಲ್ಪಟ್ಟ ಆರೋಗ್ಯವಂತನಿಗೆ ದೊರೆಯುವ ಪರಿಹಾರ, ದುಡಿದು ರೋಗಿಯಾದವನಿಗೆ ದೊರೆಯದಾಯಿತು. ಈ ವೈಪರೀತ್ಯವು ಸರ್ವೋಚ್ಚ ನ್ಯಾಯಾಲಯದ ಗಮನಕ್ಕೆ ಬಂದುದು ಬಸ್ ಚಾಲಕರ ಮೊಕದ್ದಮೆಯೊಂದರಲ್ಲಿ. 1991ರಲ್ಲಿ ವರದಿಯಾದ ಆನಂದ್ ಬಿಹಾರಿ ಪ್ರಕರಣದಲ್ಲಿ, ದೃಷ್ಟಿ ಕುಂದಿದುದಕ್ಕಾಗಿ ನಿವೃತ್ತಿಗೊಳಿಸಲಾದ ರಾಜಸ್ಥಾನ ರಸ್ತೆ ಸಾರಿಗೆ ನಿಗಮದ ಚಾಲಕರಿಗೆ ಲಭ್ಯವಿರುವ ಬದಲಿ ಕೆಲಸ ನೀಡಬೇಕು, ಅದು ಇಲ್ಲದಿದ್ದಲ್ಲಿ ಸೇವಾವಧಿಗೆ ಅನುಗುಣವಾಗಿ ಹೆಚ್ಚುವರಿ ಪರಿಹಾರ ಕೊಡಬೇಕು ಎಂದು ನ್ಯಾಯಾಲಯ ಆದೇಶಿಸಿತು.

ನಿರ್ಣಾಯಕ ಬದಲಾವಣೆ ತಂದುದು 1996ರ ಫೆಬ್ರವರಿ 7ರಂದು ಜಾರಿಗೆ ಬಂದ, 1995ರ ಅಂಗವಿಕಲ ವ್ಯಕ್ತಿಗಳ ಕಾಯ್ದೆ. ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ತೆಗೆದುಹಾಕಬಾರದು, ಕೆಳದರ್ಜೆಗೆ ಇಳಿಸಬಾರದು. ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್‌ನ್ಯೂಮರರಿ, ಅಂದರೆ ಮಂಜೂರಾದ ಸಂಖ್ಯೆಗೆ ಹೊರತಾದ ಹುದ್ದೆಯಲ್ಲಿ ಇರಿಸಬೇಕೆಂದು ಅದರ 47ನೆಯ ಪ್ರಕರಣ ವಿಧಿಸಿತು. ಕರ್ತವ್ಯದ ವೇಳೆ ಗಾಯಗೊಂಡು ಎಡಗಾಲನ್ನು ಕಳೆದುಕೊಂಡ ಪೇದೆಯೊಬ್ಬರ ಕುನಾಲ್ ಸಿಂಗ್ ಪ್ರಕರಣದಲ್ಲಿ (2003), ಪಿಂಚಣಿ ನೀಡಿದ ಮಾತ್ರಕ್ಕೆ ಈ ರಕ್ಷಣೆ ಇಲ್ಲವಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಆದರೆ ಈ ಕಾಯ್ದೆಯ ‘ಸಂಸ್ಥೆ’ ಎಂಬ ಪದಕ್ಕೆ ಸರ್ಕಾರಿ ಇಲಾಖೆಗಳು, ಶಾಸನಬದ್ಧ ನಿಗಮಗಳು, ಸರ್ಕಾರಿ ಕಂಪನಿಗಳು ಹಾಗೂ ಅನುದಾನಿತ ಸಂಸ್ಥೆಗಳಷ್ಟೇ ಅರ್ಥ. ದಾವಣಗೆರೆಯ ಮಟ್ಟಿಗೆ ಇದರ ಪರಿಣಾಮ ಗಮನಾರ್ಹ. ತೋಳಹುಣಸೆಯ ಯಲ್ಲಮ್ಮ ಕಾಟನ್, ಉಲನ್ ಮತ್ತು ಸಿಲ್ಕ್ ಮಿಲ್ 1974ರ ಕಾಯ್ದೆಯನ್ವಯ ರಾಷ್ಟ್ರೀಕರಣಗೊಂಡ ಗಿರಣಿಗಳಲ್ಲಿ ಒಂದು. ರಾಷ್ಟ್ರೀಯ ಜವಳಿ ನಿಗಮದ ಘಟಕವಾದ ಕಾರಣ ಅದು ಈ ವ್ಯಾಖ್ಯೆಯೊಳಗೆ ಬರುತ್ತಿತ್ತು. ನಗರದ ಖಾಸಗಿ ಗಿರಣಿಗಳಾಗಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಾಗಲಿ ಬರುತ್ತಿರಲಿಲ್ಲ. ಒಂದೇ ಬಗೆಯ ಯಂತ್ರದಲ್ಲಿ ಒಂದೇ ಬಗೆಯ ಗಾಯವಾದರೂ ಉದ್ಯೋಗದ ಹಕ್ಕು ಮಾಲೀಕತ್ವವನ್ನು ಅವಲಂಬಿಸಿತ್ತು. ಖಾಸಗಿ ಕಾರ್ಖಾನೆಯಲ್ಲಿ ‘ಹಗುರ ಕೆಲಸ’ ದೊರೆಯುವುದು ಆಡಳಿತ ಮಂಡಳಿಯ ಔದಾರ್ಯಕ್ಕೋ ಕಾರ್ಮಿಕ ಸಂಘದ ಒಪ್ಪಂದದ ಬಲಕ್ಕೋ ಬಿಟ್ಟ ವಿಷಯವಾಗಿತ್ತು. ಸಂಘದ ಬಲವಿಲ್ಲದ ಬದಲಿ ಕಾರ್ಮಿಕನಿಗೆ ಆ ಮಾರ್ಗವೂ ದುರ್ಲಭ. ಅಲ್ಲದೆ ಕಾರ್ಖಾನೆಯೇ ಮುಚ್ಚಿದರೆ ಬದಲಿ ಹುದ್ದೆಯ ಪ್ರಶ್ನೆಯೇ ಉದ್ಭವಿಸದು.

2007ರಲ್ಲಿ ಭಾರತವು ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೆಯ ವಿಧಿಯು ಉದ್ಯೋಗದ ಅವಧಿಯಲ್ಲಿ ಅಂಗವಿಕಲರಾದವರನ್ನೂ ಸ್ಪಷ್ಟವಾಗಿ ಒಳಗೊಂಡಿದೆ. ಅದರ ಅನುಷ್ಠಾನಕ್ಕಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದಿತಾದರೂ, ಕೆಲಸದಲ್ಲಿ ಉಳಿಸಿಕೊಳ್ಳುವ ಕಡ್ಡಾಯ ಹೊಣೆಯನ್ನು 20ನೆಯ ಪ್ರಕರಣದಲ್ಲಿ ಮತ್ತೆ ಸರ್ಕಾರಿ ಸಂಸ್ಥೆಗಳಿಗೇ ಸೀಮಿತಗೊಳಿಸಿತು. ನಷ್ಟಪರಿಹಾರ ಹಾಗೂ ವಿಮಾ ಕಾಯ್ದೆಗಳನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ; ಅದರ ವಿಷಯವೂ ಮುಖ್ಯವಾಗಿ ಪರಿಹಾರ ಮತ್ತು ಸೌಲಭ್ಯಗಳೇ.

ಗಿರಣಿಗಳ ವೈಭವ ಇಳಿದ ಮೇಲೂ ಈ ಭೇದ ಅಳಿದಿಲ್ಲ. ಎಸ್.ಎಸ್. ಬಡಾವಣೆಯಂಥ ವಸತಿ ಪ್ರದೇಶದ ಒಂದೇ ಬೀದಿಯಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ಚಾಲಕನೂ ಖಾಸಗಿ ಲಾರಿಯ ಚಾಲಕನೂ ನೆರೆಹೊರೆಯವರಾಗಿರಬಹುದು. ಇಬ್ಬರ ದೃಷ್ಟಿಯೂ ಶಾಶ್ವತವಾಗಿ ಕುಂದಿ ಕಾಯ್ದೆ ಗುರುತಿಸುವ ಅಂಗವೈಕಲ್ಯದ ಮಟ್ಟ ತಲುಪಿದರೆ, ಮೊದಲನೆಯವನು ಅದೇ ವೇತನದ ಬೇರೆ ಹುದ್ದೆಯನ್ನು ಹಕ್ಕಾಗಿ ಕೇಳಬಲ್ಲ. ಎರಡನೆಯವನು ಮಾಲೀಕನನ್ನು ವಿನಂತಿಸಿಕೊಳ್ಳಬೇಕು. ಪರಿಹಾರದಿಂದ ವಿಮೆಗೆ, ವಿಮೆಯಿಂದ ಉದ್ಯೋಗದ ಹಕ್ಕಿಗೆ ಸಾಗಿಬಂದ ಶಾಸನದ ದಾರಿಯು ಖಾಸಗಿ ದುಡಿಮೆಯ ಹೊಸ್ತಿಲಲ್ಲಿ ನಿಂತಿದೆ. ಕಾರ್ಮಿಕ ಸಂಘಗಳ ಒಪ್ಪಂದಪತ್ರಗಳು, ಗಿರಣಿಗಳ ಹಾಜರಿ ಪುಸ್ತಕಗಳು ಮತ್ತು ವಿಮಾ ಆಸ್ಪತ್ರೆಯ ಕಡತಗಳನ್ನು ಈ ದೃಷ್ಟಿಯಿಂದ ಸಂಗ್ರಹಿಸಿ ಅಭ್ಯಸಿಸಿದಲ್ಲಿ ಮಧ್ಯ ಕರ್ನಾಟಕದ ಕಾರ್ಮಿಕ ಚರಿತ್ರೆಗೆ ಅಗತ್ಯವಾದ ಅಧ್ಯಾಯವೊಂದು ಸೇರೀತು.