ಹೊಗೆಯಿಂದ ನೀರೆತ್ತಿದ ಬಗೆ: ಅಗ್ನಿಶಾಮಕ ಪಂಪು ಮತ್ತು ಜತ್ತ ಸೀಮೆಯ ಬಾವಿ

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಭಾಷಾವಾರು ಪ್ರಾಂತ್ಯ ಇವುಗಳಿಂದ ಶುರು ಮಾಡ್ತೇವೆ. ನಾನು ಜತ್ತ ತಾಲೂಕಿನವನು. ನನ್ನ ವಿಷಯ ಬಾವಿಯ ಎಂಜಿನ್ನು ಮತ್ತು ಪಂಪು. ಎಂಜಿನ್ ಉಗುಳುವ ಹೊಗೆಯಿಂದಲೇ ಪಂಪಿಗೆ ನೀರು ಹಿಡಿಸುವ ಒಂದು ಸಾಧನವನ್ನು ಬ್ರಿಟನ್ನಿನ ಅಗ್ನಿಶಾಮಕ ದಳ ಬಳಸಿತು. ನಾನು ನೋಡಿದ ಬಾವಿಗಳಲ್ಲಿ ಅದು ಇಲ್ಲ. ಯಾಕೆ ಅನ್ನೋದೇ ಈ ಪ್ರಬಂಧದ ಪ್ರಶ್ನೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಸೆಂಟ್ರಿಫ್ಯೂಗಲ್ ಪಂಪು ತನ್ನೊಳಗಿನ ದ್ರವವನ್ನು ಗರಗರ ತಿರುಗಿಸಿ ಹೊರಕ್ಕೆ ಎಸೀತದೆ. ಒಳಗೆ ಬರೀ ಗಾಳಿ ಇದ್ದರೆ ಎಸೆಯೋಕೆ ಭಾರವೇ ಇರೋದಿಲ್ಲ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಹಾಗಾಗಿ ಪಂಪು ಎಷ್ಟು ತಿರುಗಿದರೂ ನೀರು ಮೇಲೇರೋದಿಲ್ಲ. ಮೊದಲು ಗಾಳಿ ತೆಗೀಬೇಕು. ಇದೇ ಪ್ರೈಮಿಂಗ್. ನಮ್ಮ ಮನೆಯಲ್ಲಿ ಇದಕ್ಕೆ 'ಪಂಪಿಗೆ ನೀರ ಕುಡಿಸೂದು' ಅಂತಿದ್ದರು.

ಗಾಳಿ ತೆಗೆದರೂ ಒಂದು ಮಿತಿ ಉಂಟು. ಹೀರುವ ಪಂಪು ಒಂದು ಎತ್ತರ ದಾಟಿ ನೀರೆತ್ತಲಾರದು ಎಂಬುದನ್ನು ಗೆಲಿಲಿಯೊ 1638ರ ಗ್ರಂಥದಲ್ಲಿ ಚರ್ಚಿಸಿದ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ ಎಂದು 1644ರಲ್ಲಿ ಟೊರಿಚೆಲಿ ವಿವರಿಸಿದ. ಸಮುದ್ರಮಟ್ಟದಲ್ಲಿ ಈ ಮಿತಿ ಸುಮಾರು 10.3 ಮೀಟರ್. ಬಳಕೆಯಲ್ಲಿ 7-8 ಮೀಟರ್ ಸಿಕ್ಕರೆ ಹೆಚ್ಚು. ನೀಲಗಿರಿಯ ಗೆಳೆಯರು ಗಮನಿಸಬೇಕು: 2,240 ಮೀಟರ್ ಎತ್ತರದ ಊಟಿಯಲ್ಲಿ ಲೆಕ್ಕದ ಮಿತಿಯೇ 8 ಮೀಟರಿಗಿಂತ ತುಸು ಕಡಿಮೆ.

ಇನ್ನು ಹೊಗೆಯ ಕಥೆ. ವೇಗವಾಗಿ ನುಗ್ಗುವ ಧಾರೆ ಅಕ್ಕಪಕ್ಕದ ದ್ರವವನ್ನೋ ಅನಿಲವನ್ನೋ ಎಳೆದುಕೊಂಡು ಹೋಗ್ತದೆ. ಈ ತತ್ವದ ಮೇಲೆ ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ, ಹಬೆಯ ಧಾರೆಯಿಂದ ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರಿಗೆ ಪೇಟೆಂಟ್ ಪಡೆದ. ಹಬೆಯ ಜಾಗದಲ್ಲಿ ಎಂಜಿನ್ನಿನ ಹೊಗೆ ಇಟ್ಟರೆ ಎಜೆಕ್ಟರ್. ಕವಾಟ ತಿರುಗಿಸಿದಾಗ ಹೊಗೆ ಸೈಲೆನ್ಸರ್ ಬಿಟ್ಟು ಕಿರಿದಾದ ಮೂತಿಗೆ ನುಗ್ತದೆ, ಅಲ್ಲಿ ವೇಗ ಹೆಚ್ಚಿ ಒತ್ತಡ ಇಳೀತದೆ, ಪಂಪಿನೊಳಗಿನ ಗಾಳಿ ಹೊಗೆಯ ಜತೆ ಹೊರಬೀಳ್ತದೆ. ಹೊಗೆಯ ಸಂಗಡ ನೀರು ಚಿಮ್ಮಿದರೆ ಕೆಲಸ ಆಯ್ತು, ಕವಾಟ ಮುಚ್ಚಬೇಕು.

ಬ್ರಿಟನ್ನಿನಲ್ಲಿ 1938ರಲ್ಲಿ ಸಹಾಯಕ ಅಗ್ನಿಶಾಮಕ ದಳ ಕಟ್ಟಿದರು. ಲಂಡನ್ನಿನ ಟ್ಯಾಕ್ಸಿಗಳು ಪಂಪಿನ ಗಾಡಿ ಎಳೆದವು. ಬಾಂಬಿಗೆ ಕೊಳವೆ ಒಡೆದಾಗ ನದಿ, ಕೆರೆ, ತೊಟ್ಟಿಯಿಂದಲೇ ನೀರು ಹೀರಬೇಕು. ಒಣ ಪೈಪು ಹಿಡಿದು ಬಂದವರಿಗೆ ತುಂಬಲು ಕೊಡದ ನೀರೂ ಇಲ್ಲ, ಸಮಯವೂ ಇಲ್ಲ. ಅಂಥಲ್ಲಿ ಎಜೆಕ್ಟರ್ ಒಪ್ಪುವ ಸಾಧನ: ಕವಾಟ ಬಿಟ್ಟರೆ ಚಲಿಸುವ ಭಾಗವೇ ಇಲ್ಲ. ಆದರೂ ಅದು ಗಾಳಿಯ ಭಾರದ ಮಿತಿ ಮೀರಲಾರದು. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ ಉರಿಯುವಾಗ ಥೇಮ್ಸ್ ನದಿ ಇಳಿತದಲ್ಲಿತ್ತು. ನೀರು ಕೆಸರಿನಾಚೆ, ಬಲು ಕೆಳಗೆ. ದಳದವರು ಅದನ್ನು ಎತ್ತಲು ಪರದಾಡಿದರು.

ಈಗ ಜತ್ತಕ್ಕೆ ಬರೋಣ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ ಇಂದು ಜತ್ತ ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಇದೆ. ಅಂದ್ರೆ ಪಂಪಿನ ವಿದ್ಯೆ ನಮಗೆ ದೂರದ್ದಲ್ಲ. ಹಾಗಾದರೆ ಎಜೆಕ್ಟರ್ ಯಾಕಿಲ್ಲ? 'ರೈತ ಹಿಂದುಳಿದವ' ಅನ್ನೋ ಉತ್ತರ ನನಗೆ ಒಪ್ಪಿಗೆಯಿಲ್ಲ. ನನ್ನ ವಾದ ಹೀಗಿದೆ.

ಒಂದು, ಬಾವಿಯ ಪಂಪು ಕೂತಲ್ಲೇ ಕೂತಿರ್ತದೆ. ಪೈಪಿನ ತುದಿಗೆ ಫುಟ್ ವಾಲ್ವ್ ಇದ್ದರೆ ನಿನ್ನೆಯ ನೀರು ಒಳಗೇ ನಿಲ್ತದೆ. ಸೋರಿದ್ದರೆ ಎರಡು ಕೊಡ ನೀರು ಸುರಿದರಾಯ್ತು, ವಾಲ್ವಿನ ಸಂದಿಗೆ ಸಗಣಿ ಬಗ್ಗಡ. ಎರಡು, ಒಂದೇ ಸಿಲಿಂಡರಿನ ನಿಧಾನ ಎಂಜಿನ್ನಿನ ಹೊಗೆ ಧಾರೆಯಾಗಿ ಬರೋದಿಲ್ಲ, ಡಬ್ ಡಬ್ ಅಂತ ಬಿಟ್ಟು ಬಿಟ್ಟು ಬರ್ತದೆ. ಮೂತಿಗೆ ಮಸಿಯೂ ಕಟ್ತದೆ. ಮೂರನೆಯದೇ ಮುಖ್ಯ. ನೀರು ಎಂಟು ಮೀಟರಿಗಿಂತ ಕೆಳಗೆ ಹೋದಾಗ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸ್ತಾರೆ. ಅಲ್ಲಿ ಹೊಗೆ ಅಂದ್ರೆ ಕಾರ್ಬನ್ ಮೊನಾಕ್ಸೈಡ್, ಅಂದ್ರೆ ಸಾವು. ಅದಕ್ಕೇ ಹೊಗೆಯ ಪೈಪನ್ನು ದಂಡೆಯ ಮೇಲಕ್ಕೆ ಒಯ್ಯಬೇಕು. ಆ ಹೊಗೆಯನ್ನು ಮತ್ತೆ ಪಂಪಿನ ಮೂತಿಗೆ ತಂದು, ಬಾವಿಯೊಳಗೇ ಬಿಡುವ ಸಾಧನ ಬಯಲಿನಲ್ಲಿ ವರ, ಬಾವಿಯಲ್ಲಿ ಶಾಪ.

ಆದ್ದರಿಂದ ಕೊಡಪಾನವನ್ನು ಅಜ್ಞಾನ ಅಂತ ಓದಬಾರದು, ಸ್ಥಳ ನೋಡಿ ಮಾಡಿದ ಆಯ್ಕೆ ಅಂತ ಓದಬೇಕು. ಈಗ ನೀರಲ್ಲೇ ಮುಳುಗಿರುವ ವಿದ್ಯುತ್ ಪಂಪು ಬಂದಿದೆ, ಅದಕ್ಕೆ ಯಾರೂ ನೀರು ಕುಡಿಸಬೇಕಿಲ್ಲ. ಕೆಲಸ ಹೋದರೆ ಅದರ ಮಾತೂ ಹೋಗ್ತದೆ. ಗಡಿಯಾಚೆ ನಮ್ಮ ಶಾಲೆ, ಕಚೇರಿಗಳ ಲೆಕ್ಕ ಯಾರೋ ಇಟ್ಟಿರ್ತಾರೆ. ಬಾವಿಕಟ್ಟೆಯ ಕನ್ನಡದ ಲೆಕ್ಕ ನಾವೇ ಇಡಬೇಕು. ಆದವಾನಿ, ತಾಳವಾಡಿ, ಹೊಸೂರು ಕಡೆಯವರು ನಿಮ್ಮಲ್ಲಿ ಈ ಕೆಲಸಕ್ಕೆ ಏನಂತಾರೆ ಅಂತ ಚರ್ಚೆಯಲ್ಲಿ ಹೇಳಬೇಕು ಅಂತ ಕೇಳಿಕೊಳ್ತೇನೆ.